ಖಾಲಿ ಚೀಟಿಯ ಪುಸ್ತಕ

ಹೋದ ತಿಂಗಳು ಒಂದು ಭಾನುವಾರ, ಗುಬ್ಬಿಯ ಕಾಲೇಜಿಗೆ ಹೊಸದಾಗಿ ಲೈಬ್ರೇರಿಯನ್ ಆಗಿ ಸೇರಿದ ಹೆಣ್ಣುಮಗಳೊಬ್ಬಳು ತುಮಕೂರಿನ ಉಪ್ಪಾರಹಳ್ಳಿಯ ನಮ್ಮ ಮನೆ ಹುಡುಕಿಕೊಂಡು ಬಂದಳು. ನಾನು ಅವರೆಕಾಯಿ ಬಿಡಿಸುತ್ತ ಕೂತಿದ್ದೆ. "ಗಿರಿಜಾ ಮೇಡಂ, ಮೂವತ್ತನಾಲ್ಕು ವರ್ಷ ಸರ್ವೀಸ್ ಮಾಡಿದೀರಂತೆ. ಕೆಲ್ಸ ಹೆಂಗಿರುತ್ತೆ ಅಂತ ಸ್ವಲ್ಪ ಹೇಳಿ" ಅಂದಳು. ಎಲ್ಲರೂ ಹೇಳುವ ಮಾತನ್ನೇ ನಾನೂ ಹೇಳಿದೆ. ಪುಸ್ತಕಗಳ ನಡುವೆ ಇರೋದೇ ಒಂದು ಪುಣ್ಯ ಕಣಮ್ಮ, ಅಂದೆ. ಅವಳು ಕಾಫಿ ಕುಡಿದು, ನಮಸ್ಕಾರ ಮಾಡಿ, ಸಂತೋಷವಾಗಿ ಹೋದಳು.

ಅವಳು ಹೋದ ಮೇಲೆ ನನಗೆ ನನ್ನ ಮೇಲೇ ಬೇಸರವಾಯಿತು. ಪುಣ್ಯ ಅನ್ನುವುದು ನಮ್ಮ ಕೆಲಸಕ್ಕೆ ಹೊರಗಿನವರು ಇಟ್ಟ ಹೆಸರು. ಒಳಗಿದ್ದವರಿಗೆ ಸಿಗುವುದು ಧೂಳು, ಗೋಂದು, ಏಣಿ ಹತ್ತಿ ಇಳಿದು ಸವೆದ ಮಂಡಿ, ಮತ್ತು "ಆ ನೀಲಿ ರಟ್ಟಿನ ಪುಸ್ತಕ ಎಲ್ಲಿದೆ ಮೇಡಂ" ಎಂದು ಕೇಳುವ ಹುಡುಗರು. ಅದೂ ಹೋಗಲಿ. ನಮ್ಮ ಕೆಲಸದಲ್ಲಿ ಒಬ್ಬ ಮನುಷ್ಯನನ್ನು ನೋಯಿಸುವುದಕ್ಕೆ ಬಾಯಿ ಬಿಡಬೇಕಾಗಿಲ್ಲ, ಒಂದು ಸೀಲು ಒತ್ತಿದರೆ ಸಾಕು. ಇದನ್ನು ನಾನು ಅವಳಿಗೆ ಹೇಳಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಶಾಲು, ಹಾರದ ವಿಚಾರ ಇದರಲ್ಲಿ ಸಿಗುವುದಿಲ್ಲ.

ನಾನು ಕುಣಿಗಲ್‌ನವಳು. ನಮ್ಮ ಸಂಸ್ಥೆಗೆ ಗುಬ್ಬಿಯಲ್ಲೊಂದು ಕಾಲೇಜು, ತುಮಕೂರಿನಲ್ಲೊಂದು ದೊಡ್ಡ ಕಾಲೇಜು. ಮೊದಲು ಕೆಲಸಕ್ಕೆ ಸೇರಿದ್ದು ಗುಬ್ಬಿಯಲ್ಲಿ. ಎರಡು ಕೋಣೆ, ಹನ್ನೊಂದು ಬೀರು, ಒಂದು ಕಾಲು ಗಿಡ್ಡವಿದ್ದ ಮೇಜು. ಮಳೆ ಬಂದರೆ ಎರಡನೇ ಕೋಣೆಯ ಬೀರುಗಳನ್ನು ಮೊದಲನೇ ಕೋಣೆಗೆ ದಬ್ಬಬೇಕು. ತಿಂಗಳಿಗೊಮ್ಮೆ ತುಮಕೂರಿನಿಂದ ಮುಖ್ಯ ಲೈಬ್ರೇರಿಯನ್ ಮೂರ್ತಿ ಸಾರ್ ತಪಾಸಣೆಗೆ ಬರುತ್ತಿದ್ದರು. ಬಂದವರು ಲೆಕ್ಕ ಕೇಳುತ್ತಿರಲಿಲ್ಲ, ಯಾರು ಏನು ಓದುತ್ತಾರೆಂದೂ ಕೇಳುತ್ತಿರಲಿಲ್ಲ. ಜೇಬಿನಿಂದ ಸ್ಟೀಲ್ ಸ್ಕೇಲು ತೆಗೆದು ಪುಸ್ತಕದ ಬೆನ್ನಿಗೆ ಅಂಟಿಸಿದ ನಂಬರಿನ ಚೀಟಿ ಕೆಳಗಿನಿಂದ ಸರಿಯಾಗಿ ಒಂದು ಇಂಚು ಮೇಲಿದೆಯೋ ಇಲ್ಲವೋ ಎಂದು ಅಳೆಯುತ್ತಿದ್ದರು.

"ಏನಮ್ಮ ಗಿರಿಜಾ, ಇದು ಲೈಬ್ರರಿನೋ, ವಾರದ ಸಂತೆನೋ?" ಎಂದು ಮೊದಲ ಸಲ ಕೇಳಿದಾಗ ನಾನು ಅತ್ತಿದ್ದೆ. ಸಂಜೆ ಅವರೇ ಇಂಡಿಯನ್ ಇಂಕು, ನಿಬ್ಬು ತರಿಸಿ, ಕೈ ನಡುಗದ ಹಾಗೆ ಅಂಕಿ ಬರೆಯುವುದನ್ನು ಹೇಳಿಕೊಟ್ಟರು. "ಜಾಗ ತಪ್ಪಿದ ಪುಸ್ತಕ ಕಳೆದುಹೋದ ಪುಸ್ತಕ ಕಣಮ್ಮ" ಎಂದರು. ಆ ಮಾತನ್ನು ನಾನು ವೃತ್ತಿಯ ಉದ್ದಕ್ಕೂ ಮಂತ್ರದ ಹಾಗೆ ಜಪಿಸಿದೆ. ಜಪ ಮಾಡಿದವರಿಗೆಲ್ಲ ದೇವರು ಕಾಣುತ್ತಾನೆ ಎಂದೇನಿಲ್ಲವಲ್ಲ.

ಹೊಸಬರಿಗೆ ನಮ್ಮ ನಂಬರಿನ ವಿಚಾರ ಎರಡು ಮಾತಿನಲ್ಲಿ ಹೇಳುತ್ತೇನೆ. ಪ್ರಪಂಚದ ವಿದ್ಯೆಯನ್ನೆಲ್ಲ ಸೊನ್ನೆಯಿಂದ ಒಂಬೈನೂರ ತೊಂಬತ್ತೊಂಬತ್ತರ ತನಕ ಹಂಚಿಟ್ಟ ಪದ್ಧತಿ ನಮ್ಮದು. ಮುನ್ನೂರ ತೊಂಬತ್ತೆಂಟು ಅಂದರೆ ಜಾನಪದ. ಆರುನೂರರ ಮೇಲೆ ವೈದ್ಯ, ಎಂಜಿನಿಯರಿಂಗು, ಬೇಸಾಯ. ಒಂಬೈನೂರ ಐವತ್ತನಾಲ್ಕು ನಮ್ಮ ದೇಶದ ಇತಿಹಾಸ. ಅದರ ಮುಂದೆ ಚುಕ್ಕಿ ಇಟ್ಟು ಎಂಬತ್ತೇಳು ಬರೆದರೆ ಕರ್ನಾಟಕ. ಒಂದು ಪುಸ್ತಕಕ್ಕೆ ಒಂದೇ ನಂಬರು, ಒಂದೇ ಜಾಗ. ಕೆಲವು ಗಂಡಸರ ಹಾಗೆ ಎರಡು ಮನೆ ಮಾಡುವಂತಿಲ್ಲ.

ಆ ಒಂದು ಜಾಗ ಯಾವುದು ಎಂದು ನಿರ್ಧರಿಸುವವರು ನಾವು. ಅದಕ್ಕೆ ನಾವು ಪುಸ್ತಕ ಓದುವುದಿಲ್ಲ. ಹೆಸರು ನೋಡುತ್ತೇವೆ, ಪರಿವಿಡಿ ನೋಡುತ್ತೇವೆ, ಮುನ್ನುಡಿಯಲ್ಲಿ ಕಣ್ಣಾಡಿಸುತ್ತೇವೆ. ಐದು ನಿಮಿಷದಲ್ಲಿ ನಂಬರು ಬೀಳುತ್ತದೆ. ದಿನಕ್ಕೆ ನಲವತ್ತು ಪುಸ್ತಕ ಆಗಬೇಕಾದಾಗ ಐದು ನಿಮಿಷವೂ ಹೆಚ್ಚೇ.

ನಾನು ತುಮಕೂರಿಗೆ ವರ್ಗವಾಗಿ ಬಂದ ವರ್ಷವೇ ರಂಗಪ್ಪ ಮೇಷ್ಟ್ರು ಬಂದದ್ದು. ಬಿಳಿ ಷರಟು, ಹೆಗಲಿಗೆ ಬಟ್ಟೆಯ ಚೀಲ, ಕಂಕುಳಲ್ಲಿ ಕೊಡೆ. ಕುಣಿಗಲ್ ರಸ್ತೆಯಲ್ಲಿ ಹೆಬ್ಬೂರು ದಾಟಿದ ಮೇಲೆ ಸಿಗುವ ಒಂದು ಹಳ್ಳಿಯವರು, ಪ್ರೈಮರಿ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದವರು. ಅವರ ಮನೆತನದವರು ಊರಿನ ಕೆರೆಗೆ ನೀರುಗಂಟಿಗಳು. ಕೆರೆಯ ತೂಬು ಎತ್ತಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ಸರದಿಯ ಪ್ರಕಾರ ಬಿಡುವವನೇ ನೀರುಗಂಟಿ. ಅವರ ತಂದೆಗೆ ಓದು ಬರಹ ಗೊತ್ತಿರಲಿಲ್ಲ. ಆದರೆ ಯಾವ ಸಾಲಿನಲ್ಲಿ ಏರಿ ಒಡೆಯಿತು, ಹೂಳು ಎತ್ತಿದವರು ಯಾರು, ಮಣ್ಣು ಹೊರುವಾಗ ಸತ್ತ ಹೆಂಗಸರು ಯಾರು, ಯಾವ ಕೇರಿಯವರನ್ನು ನೀರಿನ ಹತ್ತಿರ ಬಿಡುತ್ತಿರಲಿಲ್ಲ, ಎಲ್ಲವೂ ಬಾಯಲ್ಲಿತ್ತಂತೆ. ಮೇಷ್ಟ್ರು ಅದನ್ನೆಲ್ಲ ಬರೆದುಕೊಂಡು, ಸುತ್ತಲ ಹಳ್ಳಿಗಳ ಮುದುಕರನ್ನು ಕೇಳಿ ತಾಳೆ ನೋಡಿ, ತಾವೇ ಅಚ್ಚು ಹಾಕಿಸಿದ್ದರು. ಹೆಸರು 'ನಮ್ಮೂರ ಕೆರೆಯ ಮಾತು'. ತೆಳ್ಳನೆಯ ಪುಸ್ತಕ. ಎರಡು ಪ್ರತಿ ಮೇಜಿನ ಮೇಲಿಟ್ಟು, "ಲೈಬ್ರರಿಗೆ ಅಂತ ತಂದೆ ಮೇಡಂ" ಅಂದರು.

ನಾನು ಹೆಸರು ನೋಡಿದೆ. ಕೊನೆಯ ಪುಟ ತಿರುವಿದೆ, ಅಲ್ಲಿ ಮಣ್ಣು ಹೊರುವವರ ನಾಲ್ಕು ಹಾಡು, ಒಂದಿಷ್ಟು ಗಾದೆ ಇತ್ತು. ಮುನ್ನೂರ ತೊಂಬತ್ತೆಂಟು, ಜಾನಪದ, ಎಂದು ಬರೆದೆ. ಮೂರ್ತಿ ಸಾರ್ ಕೂಡ ನೋಡಿ, "ಅಡಿಟಿಪ್ಪಣಿ ಇಲ್ಲ, ಶಾಸನದ ಉಲ್ಲೇಖ ಇಲ್ಲ. ಸರಿಯಾಗಿದೆ ಬಿಡಮ್ಮ" ಅಂದರು.

ಮುಂದಿನ ತಿಂಗಳು ಮೇಷ್ಟ್ರು ಬಂದು ತಮ್ಮ ಪುಸ್ತಕ ಎಲ್ಲಿದೆ ಎಂದು ಹುಡುಕಿದರು. ಇತಿಹಾಸದ ಬೀರುವಿನ ಮುಂದೆ ಅರ್ಧ ಗಂಟೆ ನಿಂತರು. ನಾನೇ ಹೋಗಿ ಜಾನಪದದ ಬೀರು ತೋರಿಸಿದೆ. ಅಜ್ಜಿಕತೆಗಳಿಗೂ ಒಗಟಿನ ಪುಸ್ತಕಕ್ಕೂ ನಡುವೆ ಅವರ ಎರಡು ಪ್ರತಿಗಳು ಇದ್ದವು.

"ಮೇಡಂ, ಇದು ಕತೆ ಅಲ್ಲ" ಅಂದರು ಮೆಲ್ಲಗೆ. "ನಮ್ಮಪ್ಪ ಕತೆ ಹೇಳ್ತಿರ್ಲಿಲ್ಲ, ನೀರು ಬಿಡ್ತಿದ್ದ. ನಡೆದಿದ್ದೇ ಬರ್ದಿರೋದು. ಆ ರಾಜರ ಪಕ್ಕ ಒಂಚೂರು ಜಾಗ ಆಗಲ್ವಾ?"

"ಮೇಷ್ಟ್ರೇ, ಅದಕ್ಕೆಲ್ಲ ರೂಲ್ಸ್ ಇದೆ. ನಮ್ಮಿಷ್ಟಕ್ಕೆ ಬದಲಾಯಿಸೋಕಾಗಲ್ಲ" ಅಂದೆ. ನಗುತ್ತಲೇ ಅಂದೆ. ಆ ನಗು ಈಗ ನೆನಪಾದರೆ ಮೈ ಉರಿಯುತ್ತದೆ.

ಅವರು ವಾದ ಮಾಡಲಿಲ್ಲ. ಆದರೆ ಬರುವುದನ್ನು ಬಿಡಲಿಲ್ಲ. ತಿಂಗಳಿಗೊಂದು ಸಲವಾದರೂ ಬರುತ್ತಿದ್ದರು. ಹೊರಗಿನವರು ಕೂತು ಓದಬಹುದು, ಮನೆಗೆ ಒಯ್ಯುವ ಹಾಗಿಲ್ಲ ಎಂಬುದು ನಮ್ಮ ನಿಯಮ. ಅವರು ಕಿಟಕಿಯ ಪಕ್ಕದ ಮೇಜಿನಲ್ಲಿ ಕೂತು, ಸರ್ಕಾರ ಹೊರಡಿಸಿದ ಜಿಲ್ಲಾ ಗೆಜೆಟಿಯರ್ ತೆಗೆದು, ತಮ್ಮ ಪುಸ್ತಕ ತೆಗೆದು, ಒಂದರ ಪಕ್ಕ ಒಂದಿಟ್ಟು ನೋಡಿ, ಏನೋ ಗುರುತು ಮಾಡಿಕೊಂಡು, ಎರಡನ್ನೂ ಅದರದರ ಜಾಗಕ್ಕೆ ಇಟ್ಟು ಹೋಗುತ್ತಿದ್ದರು. ಹೋಗುವಾಗ ಕೌಂಟರಿನಲ್ಲಿ ನಿಂತು, "ನನ್ ಪುಸ್ತಕ ಇರುತ್ತಲ್ವಾ ಮೇಡಂ?" ಎಂದು ಒಂದು ಮಾತು. "ಇರುತ್ತೆ ಮೇಷ್ಟ್ರೇ" ಎಂದು ನಾನು. ಬಸ್ಸಿನ ಟಿಕೆಟ್ ತೆಗೆದುಕೊಂಡ ಹಾಗೆ ಅದನ್ನು ತೆಗೆದುಕೊಂಡು ಹೋಗುತ್ತಿದ್ದರು.

ಮೂರ್ತಿ ಸಾರ್ ನಿವೃತ್ತರಾದರು. ಅವರ ಕುರ್ಚಿಗೆ ನಾನು ಬಂದೆ. ಕಾರ್ಡುಗಳ ಮರದ ಡ್ರಾಯರುಗಳು ಹೋಗಿ ಕಂಪ್ಯೂಟರು ಬಂತು. ಅಷ್ಟು ವರ್ಷ ನಿಬ್ಬಿನಲ್ಲಿ ಬರೆದ ಕಾರ್ಡುಗಳ ಹಿಂಬದಿಯಲ್ಲಿ ಆಫೀಸಿನವರು ಫೋನ್ ನಂಬರು ಗೀಚಿಕೊಳ್ಳುತ್ತಿದ್ದರು. ಬೇಜಾರು ಮಾಡಿಕೊಳ್ಳಲು ಪುರುಸೊತ್ತಿರಲಿಲ್ಲ. ಕಾಲೇಜಿಗೆ ತಪಾಸಣಾ ಸಮಿತಿ ಬರುವುದಿತ್ತು. ಪ್ರಿನ್ಸಿಪಾಲರು ಬಂದು ಬೀರುಗಳನ್ನು ನೋಡಿ, "ಇಷ್ಟು ಹಳೇ ಪುಸ್ತಕ ಯಾಕಿಟ್ಕೊಂಡಿದೀರಾ? ಯಾರೂ ಓದದೇ ಇರೋದೆಲ್ಲ ತೆಗೀರಿ, ಜಾಗ ಆಗ್ಲಿ" ಅಂದರು.

ಯಾರೂ ಓದದ್ದು ಯಾವುದು ಎಂದು ತಿಳಿಯುವುದು ನಮ್ಮಲ್ಲಿ ಸುಲಭ. ಪುಸ್ತಕದ ಹಿಂದಿನ ಹಾಳೆಗೆ ಒಂದು ಚೀಟಿ ಅಂಟಿಸಿರುತ್ತೇವೆ. ಪುಸ್ತಕ ಮನೆಗೆ ಹೋದಾಗಲೆಲ್ಲ ಅದರ ಮೇಲೆ ತಾರೀಕು ಬೀಳುತ್ತದೆ. ಹತ್ತು ವರ್ಷದಿಂದ ಒಂದೂ ತಾರೀಕು ಬೀಳದ ಪುಸ್ತಕ ತೆಗೆಯಬಹುದು ಎಂದು ನಾನೇ ನಿಯಮ ಮಾಡಿದೆ. ಬೇಸಿಗೆ ರಜೆಯಲ್ಲಿ ನಾನೂ ಇನ್ನಿಬ್ಬರೂ ಕೂತು ಒಂದೊಂದೇ ಪುಸ್ತಕದ ಹಿಂಬದಿ ತೆರೆದು ನೋಡಿದೆವು. ಚೀಟಿ ಖಾಲಿ ಇದ್ದರೆ 'ರದ್ದು' ಎಂಬ ಕೆಂಪು ಸೀಲು, ಅದರ ಕೆಳಗೆ ನನ್ನ ಸಹಿ. ಮೂರನೇ ದಿನದ ಹೊತ್ತಿಗೆ ನಾನು ಪುಸ್ತಕದ ಹೆಸರು ನೋಡುವುದನ್ನೂ ನಿಲ್ಲಿಸಿದ್ದೆ. ಚೀಟಿ ನೋಡು, ಸೀಲು ಒತ್ತು, ಸಹಿ ಹಾಕು. ಮೂಟೆ ಕಟ್ಟಿ ರದ್ದಿ ಅಂಗಡಿಗೆ ಕಳಿಸಿದಾಗ ಬೀರುಗಳು ಹಗುರಾದವು ಎಂದು ಸಂತೋಷಪಟ್ಟೆ. ಸಮಿತಿಯವರು ಬಂದು ಟೀ ಕುಡಿದು, ಚೆನ್ನಾಗಿಟ್ಟುಕೊಂಡಿದ್ದೀರಿ ಎಂದು ಹೋದರು.

ಅದಾದ ಮೇಲೆ ಒಂದು ದಿನ ಮೇಷ್ಟ್ರು ಕೌಂಟರಿಗೆ ಬಂದು, "ಮೇಡಂ, ನನ್ ಪುಸ್ತಕ ಕಾಣಿಸ್ತಿಲ್ಲ, ಐತಾ?" ಎಂದು ಕೇಳಿದರು. ನಾನು ಕಂಪ್ಯೂಟರಿನಿಂದ ತಲೆ ಎತ್ತಲಿಲ್ಲ. "ಇದೆ ಮೇಷ್ಟ್ರೇ. ಯಾರೋ ತಗೊಂಡೋಗಿರ್ಬೇಕು" ಅಂದೆ.

"ಯಾರೋ ಓದಕ್ಕೆ ತಗೊಂಡೋದ್ರಾ?" ಅಂದರು. ಅವರ ದನಿಯಲ್ಲಿ ಎಷ್ಟು ಖುಷಿ ಇತ್ತೆಂದರೆ ನಾನು ಒಂದು ಕ್ಷಣ ತಲೆ ಎತ್ತಿ ನೋಡಿದೆ. "ಒಳ್ಳೇದಾಯ್ತು ಬುಡಿ. ಎರಡೂ ತಗೊಂಡೋಗವ್ರಾ?"

"ಹೂಂ, ಎರಡೂ" ಅಂದೆ.

ಇನ್ನೆರಡು ಸಲ ಬಂದು ಕೇಳಿದರು. ಇನ್ನೂ ಬಂದಿಲ್ಲ ಎಂದೆ. ಆಮೇಲೆ ಅವರು ಬರುವುದು ನಿಂತಿತು. ನಿಂತದ್ದು ನನ್ನ ಗಮನಕ್ಕೂ ಬರಲಿಲ್ಲ.

ಕೆಲವು ವರ್ಷ ಕಳೆದು ಇತಿಹಾಸ ವಿಭಾಗಕ್ಕೆ ಮಂಜುಳಾ ಎಂಬ ಹೊಸ ಲೆಕ್ಚರರ್ ಬಂದರು. ವಯಸ್ಸಿನಲ್ಲಿ ನನ್ನ ಮಗಳಷ್ಟು. ಮೊದಲ ವಾರವೇ ನನ್ನ ಮೇಜಿನ ಮುಂದೆ ಕೂತು, "ಗಿರಿಜಾ ಮೇಡಂ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಇತಿಹಾಸದ ಬೀರು ನೋಡಿದ್ರೆ ಈ ದೇಶದಲ್ಲಿ ಯಾರೂ ಅಡುಗೆ ಮಾಡ್ಲಿಲ್ಲ, ಯಾರೂ ಹೆರ್ಲಿಲ್ಲ, ಹೊಲ ಉಳ್ಲಿಲ್ಲ ಅನ್ಸುತ್ತೆ. ಬರೀ ಯುದ್ಧ ಮಾಡ್ಕೊಂಡಿದ್ರು" ಅಂದರು.

ಬೇಜಾರು ಮಾಡಿಕೊಳ್ಳಬೇಡಿ ಎಂದ ಮೇಲೆ ಮಾಡಿಕೊಳ್ಳದೆ ಇರುವುದು ಹೇಗೆ? ನಂಬರಿನ ಪದ್ಧತಿ ನಾನು ಮಾಡಿದ್ದಲ್ಲ ಎಂದೆ. ಆಕೆ ಬಿಡಲಿಲ್ಲ. ಈಗಿನ ಸಂಶೋಧನೆಯಲ್ಲಿ ದಾಖಲೆ ಅಂದರೆ ಶಾಸನ, ಸರ್ಕಾರಿ ಕಾಗದ ಮಾತ್ರವಲ್ಲ. ಜನರ ಬಾಯಲ್ಲಿ ಇರುವುದನ್ನು ರೆಕಾರ್ಡ್ ಮಾಡಿಕೊಂಡು, ನಾಲ್ಕು ಜನರ ಮಾತಿನ ಜೊತೆ ತಾಳೆ ನೋಡಿ ಬರೆಯುತ್ತಾರೆ. ಕೆರೆ, ಕಾಡು, ಕಾಯಿಲೆ, ಅಡುಗೆಮನೆ, ವಲಸೆ, ಎಲ್ಲವೂ ಇತಿಹಾಸವೇ. ಆ ಪುಸ್ತಕಗಳು ನಿಮ್ಮಲ್ಲಿ ಇಲ್ಲ ಎಂದಲ್ಲ, ಚೆಲ್ಲಾಪಿಲ್ಲಿಯಾಗಿವೆ ಎಂದರು. ಬನ್ನಿ ಎಂದು ಕರೆದುಕೊಂಡು ಹೋಗಿ ತೋರಿಸಿದರು. ಸೂಲಗಿತ್ತಿಯರ ಅನುಭವ ವೈದ್ಯಶಾಸ್ತ್ರದಲ್ಲಿತ್ತು. ಪ್ಲೇಗು ಬಂದಾಗ ಊರಾಚೆ ಗುಡಿಸಲು ಹಾಕಿಕೊಂಡವರ ನೆನಪುಗಳು ಆರೋಗ್ಯದ ವರದಿಗಳ ಪಕ್ಕ. ಕೂಲಿ ಹುಡುಕಿಕೊಂಡು ಗುಳೆ ಹೋದವರು ಅರ್ಥಶಾಸ್ತ್ರದಲ್ಲಿ. ಕೆರೆಗಳು ಎಂಜಿನಿಯರಿಂಗಿನಲ್ಲಿ. ಹೆಂಗಸರೆಲ್ಲರೂ ಒಟ್ಟಾಗಿ ಸಮಾಜಶಾಸ್ತ್ರದಲ್ಲಿ.

ಅಷ್ಟೂ ವರ್ಷ ಆ ಬೀರುಗಳ ನಡುವೆ ಓಡಾಡಿದವಳು ನಾನು. ಮೊದಲ ಸಲ ನೋಡಿದ ಹಾಗಾಯಿತು. ಇಷ್ಟಾಗಿಯೂ ಒಪ್ಪಿದ್ದು ಉತ್ಸಾಹದಿಂದಲ್ಲ. ನಿವೃತ್ತಿಗೆ ಕೆಲವೇ ವರ್ಷವಿತ್ತು, ಈ ತಲೆನೋವು ಯಾಕೆ ಬೇಕಿತ್ತು ಎಂದೇ ಅನ್ನಿಸಿತು. ಆದರೆ ಆಕೆ ದಿನಾ ಬಂದು ಕೂರುತ್ತಿದ್ದರು. ಕಾಟ ತಾಳಲಾರದೆ ಒಪ್ಪಿದೆ ಎಂದರೆ ಸತ್ಯಕ್ಕೆ ಹತ್ತಿರ.

ಕರ್ನಾಟಕದ ಇತಿಹಾಸದ ನಂಬರಿನ ಕೆಳಗೆ ನಾವೇ ಅಕ್ಷರ ಸೇರಿಸಿದೆವು. ಕೆ ಅಂದರೆ ಕೆರೆ ಮತ್ತು ನೀರು, ರೋ ಅಂದರೆ ರೋಗರುಜಿನ, ಮ ಅಂದರೆ ಮಹಿಳೆಯರು, ಬಾ ಅಂದರೆ ಬಾಯಿಮಾತಿನ ಇತಿಹಾಸ. ಒಂದೊಂದು ಪುಸ್ತಕದ ಹಳೆಯ ಚೀಟಿಯನ್ನು ಒದ್ದೆ ಬಟ್ಟೆಯಲ್ಲಿ ನೆನೆಸಿ, ಕೆರೆದು, ಹೊಸದು ಅಂಟಿಸಬೇಕು. ಪುಸ್ತಕ ಮೊದಲಿದ್ದ ಜಾಗದಲ್ಲಿ ಅದೇ ದಪ್ಪದ ಒಂದು ರಟ್ಟು ನಿಲ್ಲಿಸಿ, 'ಇತಿಹಾಸದಲ್ಲಿ ನೋಡಿ' ಎಂದು ಬರೆಯಬೇಕು. ಕಂಪ್ಯೂಟರಿನಲ್ಲಿಯೂ ನಂಬರು ತಿದ್ದಬೇಕು. ಅಲ್ಲೇ ನಾನು ಎಡವಿದ್ದು. ಚೀಟಿಗಳನ್ನೆಲ್ಲ ಮೊದಲು ಅಂಟಿಸಿಬಿಡೋಣ, ಕಂಪ್ಯೂಟರು ಆಮೇಲೆ ಎಂದುಕೊಂಡೆ. ಒಂದು ತಿಂಗಳು ಪರದೆ ಒಂದು ಜಾಗ ಹೇಳಿದರೆ ಪುಸ್ತಕ ಇನ್ನೊಂದು ಜಾಗದಲ್ಲಿ. ಪರೀಕ್ಷೆಯ ಸಮಯ ಬೇರೆ. ಹುಡುಗರು ನನ್ನನ್ನು ಬೈದುಕೊಂಡು ಹೋದದ್ದು ನನಗೇ ಕೇಳಿಸುತ್ತಿತ್ತು. ನೀವು ಮಾಡುವಾಗ ಮೊದಲು ಪರದೆ ತಿದ್ದಿ, ಆಮೇಲೆ ಬೆನ್ನು ತಿದ್ದಿ.

ಒಂದು ದಿನ ಮೂರ್ತಿ ಸಾರ್ ಕೋಲೂರಿಕೊಂಡು ಬಂದರು. ಹೊಸ ಬೀರುವಿನ ಮುಂದೆ ಬಹಳ ಹೊತ್ತು ನಿಂತರು. ನಾನು ಬೈಗುಳಕ್ಕೆ ತಯಾರಾಗಿದ್ದೆ. "ಏನಮ್ಮ ಗಿರಿಜಾ, ಇತಿಹಾಸದೊಳಗೆ ಸೂಲಗಿತ್ತೀರೂ ಬಂದು ಕೂತಿದಾರಲ್ಲ" ಅಂದರು. ಆಮೇಲೆ ಒಂದು ಪುಸ್ತಕ ತೆಗೆದು ಮಧ್ಯಾಹ್ನದ ತನಕ ಓದಿದರು. ಹೊರಡುವಾಗ, "ನಮ್ಮಮ್ಮನೂ ಹೆರಿಗೆ ಮಾಡಿಸ್ತಿದ್ಲು ಕಣಮ್ಮ. ಯಾರಿಗೂ ಹೇಳಿರ್ಲಿಲ್ಲ" ಎಂದು ಬಾಗಿಲ ಕಡೆ ನೋಡುತ್ತ ಹೇಳಿದರು. ಸ್ಕೇಲು ತೆಗೆಯಲಿಲ್ಲ.

ಕೆರೆಗಳ ಪಟ್ಟಿ ಮಾಡುವಾಗ ಮಂಜುಳಾ, "ಇದೆಲ್ಲ ಎಂಜಿನಿಯರ್‌ಗಳು ಬರೆದಿರೋದು ಮೇಡಂ. ನೀರು ಬಿಟ್ಟೋರು ಯಾರಾದ್ರೂ ಬರ್ದಿದಾರಾ?" ಎಂದು ಕೇಳಿದರು. ನನಗೆ ಥಟ್ಟನೆ ನೆನಪಾಯಿತು. "ಇದೆ ಕಣ್ರೀ, ನಮ್ಮಲ್ಲೇ ಇದೆ, ಎರಡು ಪ್ರತಿ ಇದೆ" ಎಂದು ಹೆಮ್ಮೆಯಿಂದ ಎದ್ದು ಜಾನಪದದ ಬೀರುವಿಗೆ ಹೋದೆ. ಅಜ್ಜಿಕತೆಗಳಿದ್ದವು. ಒಗಟುಗಳಿದ್ದವು. ನಡುವೆ ಏನೂ ಇರಲಿಲ್ಲ.

ಆಮೇಲೆ ರದ್ದಾದ ಪುಸ್ತಕಗಳ ರಿಜಿಸ್ಟರ್ ತೆಗೆದೆ. ನನ್ನದೇ ಕೈಬರಹ. ಕಾರಣ ಎಂಬ ಕಾಲಮಿನಲ್ಲಿ, 'ಓದುಗರಿಲ್ಲ'. ತಲೆ ಎತ್ತಿ, ಹುಡುಕಿ ಕೊಡ್ತೀನಿ ಇರಿ ಎಂದು ಮಂಜುಳಾಗೆ ಹೇಳಿದೆ.

ಆ ಶನಿವಾರ ಕುಣಿಗಲ್ ಬಸ್ಸು ಹತ್ತಿದೆ. ಹೆಬ್ಬೂರು ದಾಟಿ ಇಳಿದು, ವಿಳಾಸ ಕೇಳಿಕೊಂಡು ಹೋದೆ. ಮನೆ ತುಂಬ ಜನವಿದ್ದರು. ಮೇಷ್ಟ್ರು ಜಗಲಿಯ ಮೇಲೆ ಕಾಲು ಚಾಚಿ ಕೂತು ಮಂಡಿಗೆ ಎಣ್ಣೆ ಹಚ್ಚಿಕೊಳ್ಳುತ್ತಿದ್ದರು. "ಓ, ಲೈಬ್ರರಿ ಮೇಡಮ್ಮೋರು ಬಂದವ್ರೆ. ಕಾಫಿ ಇಡವ್ವಾ" ಎಂದು ಒಳಗೆ ಸೊಸೆಗೆ ಕೂಗಿದರು. ಊರಿನ ವಿಚಾರ, ಬಸ್ಸಿನ ವಿಚಾರ ಆಯಿತು. ಕಾಫಿ ಕುಡಿದೆ.

"ಮೇಷ್ಟ್ರೇ, ನಿಮ್ಮ ಪುಸ್ತಕದ್ದು ಒಂದು ಪ್ರತಿ ಬೇಕಿತ್ತು" ಅಂದೆ.

"ನಿಮ್ಮತ್ರ ಎರಡು ಅವೆಯಲ್ಲ."

ನಿಜ ಹೇಳಬೇಕೆಂದೇ ಅಷ್ಟು ದೂರ ಹೋದವಳು. ಆದರೆ ಬಾಯಿಗೆ ಬಂದದ್ದು ಬೇರೆ. "ಅದು... ಕಳೆದುಹೋಗಿದೆ ಮೇಷ್ಟ್ರೇ. ತಗೊಂಡೋದವರು ವಾಪಸ್ ತರಲಿಲ್ಲ."

ಅವರು ಗೋಡೆ ಹಿಡಿದು ಎದ್ದು, ಕುಂಟುತ್ತ ಒಳಗೆ ಹೋದರು. ಟ್ರಂಕು ತೆರೆದ ಸದ್ದು ಕೇಳಿಸಿತು. ಎರಡು ಪುಸ್ತಕ ತಂದು ನನ್ನ ತೊಡೆಯ ಮೇಲಿಟ್ಟರು. ಬೆನ್ನಿನ ಮೇಲೆ ನಾನು ನಿಬ್ಬಿನಲ್ಲಿ ಬರೆದ ಮುನ್ನೂರ ತೊಂಬತ್ತೆಂಟು. ಸರಿಯಾಗಿ ಒಂದು ಇಂಚು ಮೇಲೆ.

"ಕಳ್ದೋಗಿಲ್ಲ ಮೇಡಂ. ಇಲ್ಲೇ ಅವೆ" ಅಂದರು. "ಬಸ್ ಸ್ಟ್ಯಾಂಡ್ ತಾವ ಹಳೇ ಪುಸ್ತಕ ಹರಡ್ಕೊಂಡು ಕೂತಿರ್ತಾನಲ್ಲ, ಅವನತ್ರ ಸಿಕ್ಕಿದ್ವು. ನೀವು ಮೂರನೇ ಸಲ, ಇನ್ನೂ ಬಂದಿಲ್ಲ ಅಂದ್ರಲ್ಲ, ಅವತ್ತೇ. ಒಳಗ್ ತೆಗ್ದ್ ನೋಡಿದ್ರೆ ಕೆಂಪು ಸೀಲು. ನಿಮ್ ಸೈನೇ ಅಲ್ವಾ ಅದು?"

ನನಗೆ ನೆಲ ಬಾಯಿ ಬಿಡಬಾರದೇ ಅನ್ನಿಸಿತು. ಹೌದು ಎಂದೆ.

"ಯಾಕ್ ತೆಗ್ದ್ರಿ?" ದನಿಯಲ್ಲಿ ಸಿಟ್ಟಿರಲಿಲ್ಲ. ತಪ್ಪು ಲೆಕ್ಕ ಮಾಡಿದ ಮಗುವನ್ನು ಮೇಷ್ಟ್ರು ಕೇಳುವ ಹಾಗೆ ಕೇಳಿದರು.

"ಯಾರೂ ಓದಿಲ್ಲ ಅಂತ. ಹಿಂದಿನ ಚೀಟಿಯಲ್ಲಿ ಒಂದೂ ತಾರೀಕು ಇರಲಿಲ್ಲ."

"ನಾನು ಓದ್ತಿದ್ನಲ್ಲ."

"ನೀವು ಅಲ್ಲೇ ಕೂತು ಓದ್ತಿದ್ರಿ ಮೇಷ್ಟ್ರೇ. ಮನೆಗೆ ಒಯ್ದರೆ ಮಾತ್ರ ತಾರೀಕು ಬೀಳೋದು."

"ನಾನೊಬ್ನೇ ಅಲ್ಲ ಮೇಡಂ. ನಮ್ಮೂರಿಂದ ತುಮಕೂರಿಗೆ ಓದಕ್ಕೆ ಬರೋ ಹುಡುಗ್ರೂ ಹುಡುಗೀರೂ ಬಂದು ಓದೋರು. ನಮ್ಮಜ್ಜನ ಹೆಸ್ರು ಐತೆ, ನಮ್ಮಜ್ಜಿ ಹೆಸ್ರು ಐತೆ ಅಂತ. ನಾನೇ ಹೇಳಿದ್ದೆ ಅವ್ರಿಗೆ. ಓದಾದ್ಮೇಲೆ ಎಲ್ಲಿತ್ತೋ ಅಲ್ಲೇ ಇಡ್ರಪ್ಪಾ, ಮೇಡಮ್ಮೋರಿಗೆ ಕೆಲ್ಸ ಹೆಚ್ಚಾಗ್ಬಾರ್ದು ಅಂತ."

ಆಗ ನಾನು ಅತ್ತೆ. ಬೇರೆಯವರ ಮನೆಯ ಜಗಲಿಯಲ್ಲಿ, ಸೊಸೆ ಬಾಗಿಲಲ್ಲಿ ನಿಂತು ನೋಡುತ್ತಿದ್ದಾಗ, ಅರವತ್ತು ಮುಟ್ಟುತ್ತಿದ್ದ ಹೆಂಗಸು ಕೂತು ಅತ್ತೆ. ಮೇಜಿನ ಮೇಲೆ ಬಿಟ್ಟುಹೋದ ಪುಸ್ತಕವಾಗಿದ್ದರೆ ನಾವು ಎತ್ತಿಡುವಾಗಲಾದರೂ ಕಣ್ಣಿಗೆ ಬೀಳುತ್ತಿತ್ತು. ಅವರು ನಮ್ಮ ಮೇಲೆ ಇಟ್ಟ ಮರ್ಯಾದೆಯೇ ಅವರ ಪುಸ್ತಕಕ್ಕೆ ಮುಳುವಾಯಿತು. "ತಪ್ಪಾಯ್ತು ಮೇಷ್ಟ್ರೇ. ಸುಳ್ಳು ಹೇಳಿದ್ದೂ ತಪ್ಪಾಯ್ತು" ಅಂದೆ.

"ಈಗ ತಗೊಂಡೋಗಿ ಎಲ್ಲಿಡ್ತೀರಿ?"

"ಇತಿಹಾಸದಲ್ಲಿ. ಕೆರೆಗೆ ಅಂತಾನೇ ಒಂದು ಜಾಗ ಮಾಡಿದೀವಿ."

"ಒಂದು ಒಯ್ರಿ" ಅಂದರು ಕೊನೆಗೆ. "ಇನ್ನೊಂದು ಇಲ್ಲಿರ್ಲಿ. ನಿಮ್ ಮ್ಯಾಲೆ ನಂಗೆ ಸಿಟ್ಟಿಲ್ಲ ಮೇಡಂ. ನಂಬ್ಕೆ ಮಾತ್ರ ಇಲ್ಲ."

ಒಮ್ಮೆ ರದ್ದಾದ ಪುಸ್ತಕದ ಹಳೆಯ ದಾಖಲೆ ಮತ್ತೆ ಜೀವ ಪಡೆಯುವುದಿಲ್ಲ. ಹೊಸ ಪುಸ್ತಕ ಬಂದಂತೆ ಹೊಸ ಸಾಲಿನಲ್ಲಿ ಬರೆದುಕೊಳ್ಳಬೇಕು. ಬರೆದುಕೊಂಡೆ. ರದ್ದಾದ ಪುಟ ಕಿತ್ತುಹಾಕಿ, ನೋಡೋಕೆ ಚೆನ್ನಾಗಿರಲ್ಲ ಎಂದು ಪ್ರಿನ್ಸಿಪಾಲರು ಹೇಳಿದರು. ಕೀಳಲಿಲ್ಲ. ಬೀರುವಿನಲ್ಲಿಟ್ಟ ದಿನ ಮೇಷ್ಟ್ರಿಗೆ ಫೋನ್ ಮಾಡಿ, ಬಂದು ನೋಡಿ ಎಂದೆ. ಮಂಡಿ ನೋವು ಎಂದರು. "ಅಕ್ಕಪಕ್ಕ ಯಾವ್ ಪುಸ್ತಕ ಅವೆ?" ಎಂದು ಕೇಳಿದರು.

"ಎಡಗಡೆ ಗೆಜೆಟಿಯರ್. ಬಲಗಡೆ ಪಾಳೇಗಾರರ ಚರಿತ್ರೆ."

"ನಮ್ ಕೆರೆ ತೂಬು ಪಾಳೇಗಾರ್ರೇ ಕಟ್ಟಿದ್ದು ಅಂತ ಅದ್ರಲ್ಲಿ ಬರ್ದವ್ರೆ. ಕಟ್ಟಿದ್ದು ನಮ್ಮೋರು" ಅಂದರು. ಆಮೇಲೆ, "ಇರ್ಲಿ ಬುಡಿ. ಪಕ್ಕದಲ್ಲೇ ಇರ್ಲಿ. ಓದೋರು ಎರಡೂ ಓದ್ಲಿ."

ಅವರು ಬಂದು ನೋಡಲಿಲ್ಲ. ಹೋದ ವರ್ಷ ತೀರಿಕೊಂಡರು ಎಂದು ಮಂಜುಳಾ ತಿಳಿಸಿದರು. ಹೋಗಬೇಕೆಂದುಕೊಂಡೆ, ಹೋಗಲಿಲ್ಲ. ಯಾವ ಮುಖ ಹೊತ್ತು ಹೋಗಲಿ? ನಂಬಿಕೆ ಇಲ್ಲ ಎಂದ ಮಾತನ್ನು ಅವರು ಕೊನೆಗೂ ವಾಪಸು ತೆಗೆದುಕೊಂಡಿರಲಿಲ್ಲ. ತೆಗೆದುಕೊಳ್ಳಿ ಎಂದು ಕೇಳುವ ಹಕ್ಕೂ ನನಗಿರಲಿಲ್ಲ.

ನಿವೃತ್ತಿಗೆ ಮುಂಚೆ ನಾನು ಮಾಡಿದ ಕೊನೆಯ ಕೆಲಸ ಒಂದು ಬೋರ್ಡು ಬರೆದದ್ದು. ಹಳೆಯ ನಿಬ್ಬು ಹುಡುಕಿ, ಕೈಯಲ್ಲೇ ಬರೆದೆ. 'ಓದಿದ ಪುಸ್ತಕವನ್ನು ಬೀರುವಿನಲ್ಲಿ ಇಡಬೇಡಿ. ಮೇಜಿನ ಮೇಲೆಯೇ ಬಿಡಿ.' ದಿನಾ ಸಂಜೆ ಮೇಜಿನ ಮೇಲಿನ ಪುಸ್ತಕಗಳನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆದುಕೊಂಡೇ ಎತ್ತಿಡಬೇಕು ಎಂದು ಗೊತ್ತು ಮಾಡಿದೆ. ಬೇರೆ ಕಡೆ ಇದು ಮೊದಲಿಂದಲೂ ಇತ್ತಂತೆ. ನನಗೆ ಹೊಳೆಯಲು ಮೂವತ್ತು ವರ್ಷ ಬೇಕಾಯಿತು.

ಗುಬ್ಬಿಯ ಹುಡುಗಿ ಬಂದುಹೋದ ಮರುದಿನ ತುಮಕೂರಿನ ನಮ್ಮ ಕಾಲೇಜಿಗೆ ಹೋದೆ. ಈಗ ನಾನೂ ಹೊರಗಿನವಳು. ಕೂತು ಓದಬಹುದು, ಒಯ್ಯುವ ಹಾಗಿಲ್ಲ. ಆಫೀಸಿನಲ್ಲಿ ಕೂತ್ಕೊಳಿ ಮೇಡಂ ಎಂದರೂ ಕೇಳದೆ ಕಿಟಕಿಯ ಪಕ್ಕದ ಮೇಜಿಗೆ ಹೋದೆ. ಪುಸ್ತಕ ಗೆಜೆಟಿಯರ್ ಪಕ್ಕದಲ್ಲೇ ಇತ್ತು. ಮೊದಲ ಸಲ, ಮೊದಲ ಪುಟದಿಂದ ಕೊನೆಯ ಪುಟದ ತನಕ ಓದಿದೆ. ಏರಿ ಒಡೆದ ವರ್ಷದ ಅಧ್ಯಾಯದಲ್ಲಿ ಮಣ್ಣು ಹೊರುತ್ತ ಸತ್ತ ಏಳು ಹೆಂಗಸರ ಹೆಸರುಗಳಿವೆ. ಕೊನೆಯ ಪುಟದ ಹಾಡುಗಳು ಅವರವು. ಐದು ನಿಮಿಷದಲ್ಲಿ ನಂಬರು ಹಾಕಿದವಳಿಗೆ ಅದು ಕಾಣಿಸುವುದು ಹೇಗೆ?

ಓದಿ ಮುಗಿಸಿ ಪುಸ್ತಕ ಹಿಡಿದು ಎದ್ದೆ. ಕಾಲು ತಾನಾಗಿ ಬೀರುವಿನ ಕಡೆ ಎರಡು ಹೆಜ್ಜೆ ಹಾಕಿತು. ಅಲ್ಲೇ ನಿಂತೆ. ತಿರುಗಿ ಬಂದು ಪುಸ್ತಕವನ್ನು ಮೇಜಿನ ಮೇಲೆ ಇಟ್ಟು, ಕೊಡೆ ತೆಗೆದುಕೊಂಡು ಮನೆಗೆ ಹೊರಟೆ.